ಅರಮನೆಯ ಯೋಗ, ಜೋಳಿಗೆಯ ಯೋಗ

ನಮ್ಮ ಕಡೆ ‘ಯೋಗ’ ಎಂಬ ಮಾತಿಗೆ ಮೊದಲ ಅರ್ಥ ಆಸನವಲ್ಲ, ಅದೃಷ್ಟ. ಮದುವೆ ಯೋಗ ಕೂಡಿಬರಬೇಕು, ಮನೆ ಕಟ್ಟುವ ಯೋಗ ಇರಬೇಕು, ಕೊರಳಿಗೆ ನಾಲ್ಕೆಳೆ ಬಂಗಾರ ಬೀಳಲಿಕ್ಕೂ ಯೋಗ ಬೇಕು. ಕಿನ್ನರಿ ಹಿಡಿದು ಮನೆ ಮುಂದೆ ನಿಲ್ಲುತ್ತಿದ್ದ ಜೋಗಿಯ ಹೆಸರಿನಲ್ಲಿರುವುದೂ ಇದೇ ಪದ. ಸಂಸ್ಕೃತದ ಯೋಗಿ ಕನ್ನಡದ ಬಾಯಿಗೆ ಬಂದು ಜೋಗಿಯಾದ. ಊರಾಚೆಯ ಗದ್ದುಗೆಯಲ್ಲಿ ಮಲಗಿರುವವರು ಶಿವಯೋಗಿಗಳು. ಇಷ್ಟೆಲ್ಲ ಅರ್ಥಗಳ ಸಾಲಿನಲ್ಲಿ ಚಾಪೆ ಹಾಸಿಕೊಂಡು ಮೈ ಬಾಗಿಸುವ ಯೋಗ ತೀರಾ ಈಚಿನದು. ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ “ನೀವು ಯೋಗ ಮಾಡ್ತೀರಾ ಅಜ್ಜಿ?” ಎಂದು ಕೇಳಿದ್ದಕ್ಕೆ, “ಯೋಗ ಮಾಡಾದಲ್ಲ ಕಣವ್ವಾ, ಅದು ಬರಬೇಕು” ಎಂಬ ಉತ್ತರ ಬಂತು. ಅದನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.

ಮಧ್ಯ ಕರ್ನಾಟಕದ ಗರಡಿಮನೆ ಮತ್ತು ವ್ಯಾಯಾಮ ಪದ್ಧತಿಗಳ ಚರಿತ್ರೆ ನನ್ನ ಪಿಎಚ್.ಡಿ. ವಿಷಯ. ಅದರ ಸಲುವಾಗಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳನ್ನು ಸುತ್ತುತ್ತಿದ್ದೇನೆ. ಹೋದಲ್ಲೆಲ್ಲ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ: ದೊಡ್ಡವರಲ್ಲಿ ಯೋಗ ಮಾಡುವವರು ಯಾರು, ಯಾಕೆ ಮಾಡುತ್ತಾರೆ? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ನಿಂತಿರುತ್ತದೆ: ಮಾಡದವರು ಯಾರು?

ನಾಲ್ಕು ತಾಲ್ಲೂಕುಗಳ ಬಗ್ಗೆ ಮೊದಲು ಎರಡು ಮಾತು. ಇವತ್ತು ನಾಲ್ಕೂ ದಾವಣಗೆರೆ ಜಿಲ್ಲೆಯಲ್ಲಿವೆ. ಆದರೆ ಆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಅದಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಮೊನ್ನೆ ಮೊನ್ನೆ. ಚನ್ನಗಿರಿಯಲ್ಲಿ ಸೂಳೆಕೆರೆ, ಭದ್ರಾ ನಾಲೆ, ಅಡಿಕೆ ತೋಟ. ಹೊನ್ನಾಳಿಯಲ್ಲಿ ತುಂಗಭದ್ರೆ, ಭತ್ತದ ಗದ್ದೆ. ನ್ಯಾಮತಿ ಮಲೆನಾಡಿನ ಹೊಸ್ತಿಲು. ಲಂಬಾಣಿಗರ ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇರುವುದು ಅಲ್ಲೇ. ಜಗಳೂರು ಮಳೆ ಮರೆತ ನೆಲ. ಅಲ್ಲಿ ಬೋರ್‌ವೆಲ್ಲಿನ ಆಳವೇ ಮನೆತನದ ಸ್ಥಿತಿಗತಿಯ ಅಳತೆ. ಒಂದೇ ಜಿಲ್ಲೆಯೊಳಗೆ ನೀರು ಇಷ್ಟು ಬೇರೆ ಬೇರೆಯಾಗಿ ಹಂಚಿಹೋಗಿರುವಾಗ ಮೈಯ ಕಥೆಯೂ ಬೇರೆ ಬೇರೆಯೇ ಆಗಿರುತ್ತದೆ.

ವಜ್ರದ ಮೈ, ಬಯಲಿನ ಮೈ

ಯೋಗವೆಂದರೆ ದೇಹವನ್ನು ಗಟ್ಟಿ ಮಾಡುವುದೇ ಎಂಬ ತಕರಾರು ಈ ಸೀಮೆಗೆ ಹೊಸದಲ್ಲ. ಹೊನ್ನಾಳಿಯ ಪಕ್ಕದ ತಾಲ್ಲೂಕು ಶಿಕಾರಿಪುರ. ಅಲ್ಲಮನ ಬಳ್ಳಿಗಾವೆ, ಅಕ್ಕನ ಉಡುತಡಿ ಎರಡೂ ಅಲ್ಲಿವೆ. ಶೂನ್ಯಸಂಪಾದನೆಯಲ್ಲೂ ಚಾಮರಸನ ಪ್ರಭುಲಿಂಗಲೀಲೆಯಲ್ಲೂ ಬರುವ ಗೋರಕ್ಷನ ಪ್ರಸಂಗ ಓದುಗರಿಗೆ ನೆನಪಿರುತ್ತದೆ. ಗೋರಕ್ಷ ಸಾಧನೆಯಿಂದ ಮೈಯನ್ನು ವಜ್ರ ಮಾಡಿಕೊಂಡಿದ್ದಾನೆ. ಕತ್ತಿಯಿಂದ ಹೊಡೆದರೆ ಲೋಹದ ಸದ್ದು ಬರುತ್ತದೆಯೇ ಹೊರತು ಗಾಯವಾಗುವುದಿಲ್ಲ. ಅದೇ ಕತ್ತಿಯನ್ನು ಅಲ್ಲಮನ ಮೇಲೆ ಬೀಸಿದರೆ ಅದು ಗಾಳಿಯಲ್ಲಿ ಹಾದುಹೋದಂತೆ ಹಾದುಹೋಗುತ್ತದೆ. ಗಟ್ಟಿಯಾದ ದೇಹಕ್ಕಿಂತ ಬಯಲಾದ ದೇಹ ದೊಡ್ಡದು ಎಂಬುದು ಕಥೆಯ ತೀರ್ಮಾನ.

ಇದನ್ನು ಬರೀ ಪವಾಡದ ಕಥೆಯೆಂದು ತಳ್ಳಿಹಾಕಬೇಕಾಗಿಲ್ಲ. ನಾಥರ ಹಠಯೋಗಕ್ಕೂ ಶರಣರ ಶಿವಯೋಗಕ್ಕೂ ನಡೆದ ಒಂದು ವಾದ ಇದರೊಳಗೆ ಉಳಿದುಕೊಂಡಿದೆ. ಶಿವಯೋಗದಲ್ಲಿ ಸಾಧನ ಅಂಗೈ ಮೇಲಿನ ಲಿಂಗ, ಅದರ ಮೇಲಿನ ದೃಷ್ಟಿ. ಅದಕ್ಕೆ ಬೇಕಾದ್ದು ಕೂರುವ ಜಾಗ, ಒಂದಿಷ್ಟು ಏಕಾಂತ. ಗಂಡಸು ಹೆಂಗಸು ಇಬ್ಬರೂ ಮಾಡಬಹುದು; ಕಾಯಕ ಬಿಡಬೇಕಾಗಿಲ್ಲ. ಪತಂಜಲಿಯ ಸೂತ್ರಗಳಲ್ಲೂ ಆಸನದ ಬಗ್ಗೆ ಇರುವುದು ಮೂರೇ ಸೂತ್ರ. ದೇಹವನ್ನು ನಾನಾ ಭಂಗಿಗೆ ಒಗ್ಗಿಸುವ ವಿವರ ಹೆಚ್ಚಾಗಿ ಸಿಗುವುದು ಹಠಯೋಗದ ಗ್ರಂಥಗಳಲ್ಲಿ. ಹದಿನೈದನೆಯ ಶತಮಾನದ ಹಠಯೋಗ ಪ್ರದೀಪಿಕೆ ಈ ಅಭ್ಯಾಸವನ್ನು ಯುವಕರು, ಮುದುಕರು, ರೋಗಿಗಳು, ದುರ್ಬಲರು ಯಾರು ಬೇಕಾದರೂ ಮಾಡಬಹುದೆಂದು ಹೇಳುತ್ತದೆ. ಗ್ರಂಥದಲ್ಲಿ ಬಾಗಿಲು ತೆರೆದೇ ಇತ್ತು. ಒಳಗೆ ಹೋಗಲು ಪುರುಸೊತ್ತಿದ್ದವರು ಯಾರು ಎಂಬುದನ್ನು ಮಾತ್ರ ಗ್ರಂಥ ಹೇಳುವುದಿಲ್ಲ.

ಸಾಮು ತೆಗೆಯುತ್ತಿದ್ದವರು

ನಮ್ಮ ಊರುಗಳಲ್ಲಿ ಮೈ ಹುರಿಗೊಳಿಸುವ ಜಾಗವೆಂದರೆ ಗರಡಿಮನೆ. ತಗ್ಗಿನ ಬಾಗಿಲು, ಒಳಗೆ ಎಣ್ಣೆ ಅರಿಸಿನ ಬೆರೆಸಿ ಹದ ಮಾಡಿದ ಕೆಮ್ಮಣ್ಣು, ಮೂಲೆಯಲ್ಲಿ ಗದೆ, ಕಲ್ಲುಗುಂಡು, ಗೋಡೆಯಲ್ಲಿ ಆಂಜನೇಯ. ಅಲ್ಲಿ ಯಾರೂ ‘ಯೋಗ ಮಾಡ್ತೀನಿ’ ಅನ್ನುತ್ತಿರಲಿಲ್ಲ. ಸಾಮು ತೆಗೆಯುತ್ತಿದ್ದರು, ದಂಡ ಹೊಡೆಯುತ್ತಿದ್ದರು, ಬಸ್ಕಿ ಹೊಡೆಯುತ್ತಿದ್ದರು. ಕಲಿಸುವವನು ಹಿಂದೂ ಆಗಿರಲಿ ಮುಸ್ಲಿಂ ಆಗಿರಲಿ, ಅವನು ಉಸ್ತಾದ್. ಬರುತ್ತಿದ್ದವರಲ್ಲಿ ನಾಯಕರು, ಕುರುಬರು, ಮುಸ್ಲಿಮರು, ಲಿಂಗಾಯತರು ಎಲ್ಲ ಇದ್ದರು. ಎಲ್ಲ ಕಡೆ ಎಲ್ಲರಿಗೂ ಪ್ರವೇಶವಿತ್ತೆಂದು ಇದರ ಅರ್ಥವಲ್ಲ. ದಲಿತ ಕೇರಿಯವರು ತಮ್ಮದೇ ಗರಡಿ ಕಟ್ಟಿಕೊಂಡ ನೆನಪುಗಳೂ ನನಗೆ ಸಿಕ್ಕಿವೆ. ಹೆಂಗಸರಿಗಂತೂ ಹೊಸ್ತಿಲು ದಾಟುವಂತಿರಲಿಲ್ಲ.

ಗರಡಿಗೆ ಹೋಗುತ್ತಿದ್ದವರಿಗೆ ಕಾರಣ ಸ್ಪಷ್ಟವಿತ್ತು. ಜಾತ್ರೆಯ ಕುಸ್ತಿಯಲ್ಲಿ ಗೆಲ್ಲಬೇಕು, ಊರಿನ ಮಾನ ಉಳಿಯಬೇಕು. ಆರೋಗ್ಯ ಅದರ ಜೊತೆ ಬರುವ ಕೊಸರು. ಇಪ್ಪತ್ತು ಮೂವತ್ತರ ವಯಸ್ಸು ದಾಟಿದವರು ಉಸ್ತಾದರಾಗುತ್ತಿದ್ದರು, ಇಲ್ಲವೆ ಬಿಟ್ಟುಬಿಡುತ್ತಿದ್ದರು. ನಲವತ್ತರ ನಂತರ ಮೈ ಬಾಗಿಸಲು ಶುರು ಮಾಡುವುದೆಂಬ ಕಲ್ಪನೆಯೇ ಆ ಲೋಕದಲ್ಲಿ ಇರಲಿಲ್ಲ. ಇವತ್ತಿನ ಯೋಗ ತರಗತಿಗಳಲ್ಲಿ ನಲವತ್ತರ ಒಳಗಿನವರೇ ಕಡಿಮೆ. ನೂರು ವರ್ಷದಲ್ಲಿ ವ್ಯಾಯಾಮದ ವಯಸ್ಸೇ ತಿರುವುಮುರುವಾಗಿದೆ.

ಅರಮನೆಯ ದಾರಿ

ಈ ಬದಲಾವಣೆಯ ಒಂದು ದಾರಿ ಮೈಸೂರಿನಿಂದ ಬರುತ್ತದೆ. ನಮ್ಮ ನಾಲ್ಕೂ ತಾಲ್ಲೂಕುಗಳು ಹಳೆಯ ಮೈಸೂರು ಸಂಸ್ಥಾನದ ಭಾಗ. ಅರಮನೆಗೆ ಆಸನಗಳ ಗೀಳು ಹಳೆಯದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಚಿತ್ರಗಳಿವೆ. 1896ರಲ್ಲಿ ಬೆಂಗಳೂರಿನಿಂದ ‘ವ್ಯಾಯಾಮ ದೀಪಿಕೆ’ ಎಂಬ ಅಂಗಸಾಧನೆಯ ಪುಸ್ತಕ ಬಂತು. ನಾರ್ಮನ್ ಸ್ಯೋಮನ್ ಎಂಬ ವಿದ್ವಾಂಸ 1996ರಲ್ಲಿ ಈ ಎರಡನ್ನೂ ಎದುರಿಗಿಟ್ಟುಕೊಂಡು ಒಂದು ಮಾತು ಹೇಳಿದರು: ಜಗತ್ತಿಗೆ ಇವತ್ತು ಗೊತ್ತಿರುವ ಆಸನಗಳ ಯೋಗದಲ್ಲಿ ಮೈಸೂರು ಅರಮನೆಯ ವ್ಯಾಯಾಮಶಾಲೆಯ, ಕುಸ್ತಿಯ ಪಾಲು ಬಹಳ ಇದೆ. ಮಾರ್ಕ್ ಸಿಂಗಲ್‌ಟನ್ 2010ರ ತಮ್ಮ ಪುಸ್ತಕದಲ್ಲಿ ಅದನ್ನು ಇನ್ನೂ ಬೆಳೆಸಿದರು. ಅವರ ವಾದವನ್ನು ಒಪ್ಪದವರಿದ್ದಾರೆ. ಆದರೆ ಗರಡಿಯ ದಂಡವನ್ನೂ ಸೂರ್ಯನಮಸ್ಕಾರವನ್ನೂ ಒಟ್ಟಿಗೆ ನೋಡಿದ ಯಾರಿಗೂ ಅವುಗಳ ನಂಟು ಕಾಣದೆ ಇರುವುದಿಲ್ಲ.

ತಿರುಮಲೈ ಕೃಷ್ಣಮಾಚಾರ್ಯರು 1888ರಲ್ಲಿ ಹುಟ್ಟಿದ್ದು ಚಿತ್ರದುರ್ಗ ಜಿಲ್ಲೆಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಕರೆಸಿಕೊಂಡು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆದುಕೊಟ್ಟರು. ಮರುವರ್ಷ ‘ಯೋಗ ಮಕರಂದ’ ಬಂತು, ಕನ್ನಡದಲ್ಲಿ. 1941ರಲ್ಲಿ ‘ಯೋಗಾಸನಗಳು’, ಅದೂ ಕನ್ನಡದಲ್ಲಿ. ಜಗತ್ತಿನ ಉದ್ದಗಲಕ್ಕೆ ಹರಡಿದ ಒಂದು ವಿದ್ಯೆಯ ಆರಂಭದ ಪಠ್ಯಗಳು ಕನ್ನಡದಲ್ಲಿದ್ದವು ಎಂಬುದನ್ನು ನಾವು ಅಷ್ಟಾಗಿ ನೆನೆಸಿಕೊಳ್ಳುವುದಿಲ್ಲ. ಅಲ್ಲಿ ಕಲಿತ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ಹಾಸನ ಜಿಲ್ಲೆಯ ಕೌಶಿಕದ ಪಟ್ಟಾಭಿ ಜೋಯಿಸ್ ಇಬ್ಬರೂ ಮುಂದೆ ಎರಡು ದೊಡ್ಡ ಪದ್ಧತಿಗಳನ್ನೇ ಕಟ್ಟಿದರು. ಇದೇ ಕಾಲಕ್ಕೆ ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಭಾರ ಎತ್ತುವುದನ್ನೂ ಆಸನಗಳನ್ನೂ ಕೂಡಿಸಿ ಕಲಿಸುತ್ತಿದ್ದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಅಯ್ಯರ್ ಇವರೇ.

ಯೋಗಶಾಲೆಗೆ ಬರುತ್ತಿದ್ದವರು ಯಾರು? ಹೆಚ್ಚಿನವರು ಅರಸು ಮನೆತನದ ಹುಡುಗರು. ಅಲ್ಲಿ ಮೈ ಬಳುಕಿಸಿದ್ದು ಬಹುಪಾಲು ಎಳೆಯ ಮೈಗಳು, ಬಿಡುವಿದ್ದ ಮೈಗಳು. ಕಾಯಿಲೆಯವರು ಬರುತ್ತಿರಲಿಲ್ಲ ಎಂದಲ್ಲ. ಅಯ್ಯಂಗಾರರೇ ಬಾಲ್ಯದಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯಗಳಿಂದ ಜರ್ಜರಿತರಾಗಿ ಅಕ್ಕನ ಗಂಡನಾದ ಕೃಷ್ಣಮಾಚಾರ್ಯರ ಮನೆಗೆ ಬಂದವರು. ಮುಂದೆ ಪ್ರಾತ್ಯಕ್ಷಿಕೆಗೆಂದು ಧಾರವಾಡದ ಕಡೆ ಹೋದಾಗ ಹೆಂಗಸರು ಕಲಿಯಬೇಕೆಂದರು. ಚಿಕ್ಕ ಹುಡುಗ, ಪರವಾಗಿಲ್ಲ ಎಂದು ಅವರಿಗೆ ಕಲಿಸಲು ಅಯ್ಯಂಗಾರರನ್ನೇ ಬಿಟ್ಟರು. ಅವರು ಮೇಷ್ಟ್ರಾದದ್ದು ಹಾಗೆ. ಹೆಂಗಸರು ಬಾಗಿಲು ತಟ್ಟಿದಾಗಲೆಲ್ಲ ಈ ವಿದ್ಯೆಯ ದಿಕ್ಕು ಬದಲಾಗಿದೆ. 1937ರ ಸುಮಾರಿಗೆ ಮೈಸೂರಿಗೆ ಬಂದ ಇಂದ್ರಾದೇವಿಗೆ ಕಲಿಸಲು ಕೃಷ್ಣಮಾಚಾರ್ಯರು ಮೊದಲು ಒಪ್ಪಿರಲಿಲ್ಲ. ಮಹಾರಾಜರ ಮಾತಿನ ಮೇಲೆ ಒಪ್ಪಿದರು. ಆಮೇಲೆ ಆಕೆ ಅದನ್ನು ಅಮೆರಿಕಕ್ಕೆ ಒಯ್ದರು.

ಸಂಸ್ಥಾನ ಹೋಯಿತು, ಹಣ ನಿಂತಿತು. 1950ರಲ್ಲಿ ಯೋಗಶಾಲೆ ಮುಚ್ಚಿತು. ಅರಮನೆಯ ಯೋಗ ಪುಣೆಗೆ, ಮದರಾಸಿಗೆ, ಆಮೇಲೆ ಸಮುದ್ರದಾಚೆಗೆ ಹೋಯಿತು. ಕೃಷ್ಣಮಾಚಾರ್ಯರು ಹುಟ್ಟಿದ ಸೀಮೆಯ ಹಳ್ಳಿಗಳಿಗೆ ಆ ದಾರಿಯಿಂದ ಅದು ಬರಲಿಲ್ಲ.

ಜೋಳಿಗೆಯ ದಾರಿ

ಹಳ್ಳಿಗೆ ಯೋಗ ಬಂದದ್ದು ಬೇರೊಂದು ದಾರಿಯಲ್ಲಿ. ಚನ್ನಗಿರಿಗೆ ಹೊಂದಿಕೊಂಡಿರುವ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಗೆ 1943ರಲ್ಲಿ ಬಂದು ನೆಲೆನಿಂತ ರಾಘವೇಂದ್ರ ಸ್ವಾಮೀಜಿ ಕರಾವಳಿಯ ಬಾರ್ಕೂರಿನವರು. ವ್ಯಾಯಾಮ ಬಲ್ಲವರು, ಆಯುರ್ವೇದ ವೈದ್ಯರು, ಯೋಗ ಕಲಿಸುವವರು, ‘ತಿರುಕ’ ಎಂಬ ಹೆಸರಿನಲ್ಲಿ ಬರೆಯುವವರು. ಅವರ ಆತ್ಮಕಥೆಯ ಹೆಸರೇ ‘ಜೋಳಿಗೆಯ ಪವಾಡ’. ಅನಾಥ ಸೇವಾಶ್ರಮ, ಶಾಲೆಗಳು, ಔಷಧಾಲಯ ಎಲ್ಲವನ್ನೂ ಭಿಕ್ಷೆಯ ಹಣದಲ್ಲಿ ಕಟ್ಟಿದರು. 1996ರ ಆಗಸ್ಟ್ 31ರಂದು ತೀರಿಕೊಂಡಾಗ ಅವರ ವಯಸ್ಸು ನೂರು ದಾಟಿತ್ತು. ಲಕ್ಷಾಂತರ ಜನರಿಗೆ ಯೋಗ ಕಲಿಸಿದರೆಂದು ಅವರ ಅಭಿಮಾನಿಗಳು ಹೇಳುತ್ತಾರೆ.

ಆ ಲೆಕ್ಕಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಅವರು ಕಲಿಸಿದ ರೀತಿ. ಮಲ್ಲಾಡಿಹಳ್ಳಿಯಲ್ಲಿ ಗರಡಿಯ ವ್ಯಾಯಾಮ, ಆಸನ, ಮೂಲಿಕೆಯ ಔಷಧಿ ಮೂರೂ ಒಂದೇ ಆವರಣದಲ್ಲಿದ್ದವು. ರೋಗಿ ಬಂದರೆ ಮೊದಲು ನಾಡಿ ನೋಡಿ ಔಷಧಿ, ಆಮೇಲೆ ಆಸನ. ಇನ್ನೊಂದು ಸಂಗತಿ, ಅವರು ಜನ ಬರಲಿ ಎಂದು ಕೂರಲಿಲ್ಲ. ಊರೂರಿಗೆ ಹೋಗಿ ಶಿಬಿರ ನಡೆಸಿದರು. ಚನ್ನಗಿರಿ, ಹೊನ್ನಾಳಿಗಳ ಎಪ್ಪತ್ತೆಂಬತ್ತು ದಾಟಿದ ಗಂಡಸರನ್ನು ಮಾತಾಡಿಸಿದರೆ ಅವರಲ್ಲಿ ಒಬ್ಬರಿಬ್ಬರಾದರೂ “ನಮ್ದು ಮಲ್ಲಾಡಿಹಳ್ಳಿ ಸ್ವಾಮಿಗಳ ಪಾಠ” ಅನ್ನುತ್ತಾರೆ. ಅವರ ನೆನಪಿನಲ್ಲಿ ಯೋಗಕ್ಕೂ ಸಾಮಿಗೂ ನಡುವೆ ಗೆರೆ ಇಲ್ಲ. ಮಯೂರಾಸನವನ್ನೂ ಗದೆ ತಿರುಗಿಸುವುದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ.

ಒಂದು ಕಡೆ ಅರಮನೆಯ ಹಣದಲ್ಲಿ ನಡೆದು ಅರಮನೆಯೊಂದಿಗೇ ನಿಂತುಹೋದ ಶಾಲೆ. ಇನ್ನೊಂದು ಕಡೆ ಜೋಳಿಗೆಯಲ್ಲಿ ಬಿದ್ದ ಕಾಳು ಕಾಸಿನಿಂದ ಅರ್ಧ ಶತಮಾನ ನಡೆದ ಶಿಬಿರ. ಯೋಗದ ಚರಿತ್ರೆ ಬರೆಯುವ ದೊಡ್ಡ ಪುಸ್ತಕಗಳಲ್ಲಿ ಮೊದಲನೆಯದಕ್ಕೆ ಅಧ್ಯಾಯಗಳೇ ಇವೆ. ಎರಡನೆಯದರ ಹೆಸರು ಹುಡುಕಬೇಕು. ಹೊರದೇಶಕ್ಕೆ ಹೋದದ್ದು ಮಾತ್ರ ಚರಿತ್ರೆ ಅನ್ನುವುದಾದರೆ ಹೊಳಲ್ಕೆರೆ ಸಂತೆಗೆ ಬಂದದ್ದು ಏನು?

ಟೀವಿ, ಡಾಕ್ಟರು, ಜೂನ್ 21

ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವುದೇ, ಬೇಗ ಹೇಳಿ ಮುಗಿಸುತ್ತೇನೆ. 1982ರಲ್ಲಿ ಶಿವಮೊಗ್ಗದಲ್ಲಿ, ಭದ್ರೆಯ ದಡದಲ್ಲಿ ಹತ್ತು ದಿನ ಮೌನವಿದ್ದಾಗ ಸುದರ್ಶನ ಕ್ರಿಯೆ ಹೊಳೆಯಿತೆಂದು ರವಿಶಂಕರ್ ಗುರೂಜಿ ಹೇಳಿಕೊಂಡಿದ್ದಾರೆ. ಚನ್ನಗಿರಿ, ಹೊನ್ನಾಳಿಗಳು ಆಗ ಅದೇ ಜಿಲ್ಲೆ. 2000ದ ನಂತರ ಕೇಬಲ್ ಟೀವಿಯಲ್ಲಿ ಬಾಬಾ ರಾಮದೇವ್ ಬಂದರು. ನಮ್ಮ ಓಣಿಗಳಲ್ಲಿ ಬೆಳಗಿನ ಜಾವ ಟೀವಿ ಮುಂದೆ ಹೊಟ್ಟೆ ಒಳಗೆಳೆದುಕೊಳ್ಳುವ ಗಂಡಸರು ಕಾಣಿಸಿಕೊಂಡದ್ದು ಆಗ. ಹಾಲ್ ಬೇಡ, ಗುರು ಬೇಡ, ಸಂಕೋಚವೂ ಬೇಡ. 2014ರ ಡಿಸೆಂಬರ್ 11ರಂದು ವಿಶ್ವಸಂಸ್ಥೆ ಯೋಗ ದಿನವನ್ನು ಒಪ್ಪಿತು; 177 ದೇಶಗಳು ಆ ನಿರ್ಣಯದ ಜೊತೆ ನಿಂತಿದ್ದವು. 2015ರ ಜೂನ್ 21ರಿಂದ ಯೋಗ ಸರ್ಕಾರದ ಕಾರ್ಯಕ್ರಮ ಪಟ್ಟಿಯಲ್ಲಿ ಸೇರಿತು. 2022ರಲ್ಲಿ ಪ್ರಧಾನಿ ಮೈಸೂರು ಅರಮನೆಯ ಮುಂದೆಯೇ ಆಸನ ಹಾಕಿದರು. 1950ರಲ್ಲಿ ಅರಮನೆ ಬಿಟ್ಟು ಹೋದದ್ದು ಎಪ್ಪತ್ತೆರಡು ವರ್ಷಕ್ಕೆ ಅಂಗಳಕ್ಕೆ ವಾಪಸ್ ಬಂತು, ಈ ಬಾರಿ ದೆಹಲಿಯಿಂದ.

ಇಷ್ಟಾಗಿಯೂ ಮಾಡುವವರು ಎಷ್ಟು? 2017ರಲ್ಲಿ ದೇಶದ ಒಂದು ಲಕ್ಷದ ಅರವತ್ತೆರಡು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಕೇಳಿದ ಒಂದು ದೊಡ್ಡ ಸಮೀಕ್ಷೆಯಲ್ಲಿ ಯೋಗ ಮಾಡುತ್ತೇವೆ ಎಂದವರು ಶೇ. 11.8. ನೂರರಲ್ಲಿ ಹನ್ನೆರಡು ಜನ. ಜೂನ್ 21ರ ಫೋಟೋಗಳನ್ನು ನೋಡಿದರೆ ಇಡೀ ದೇಶ ಮಾಡುತ್ತಿದೆ ಅನಿಸುತ್ತದೆ. ಜೂನ್ 22ರ ಫೋಟೋ ಯಾರೂ ತೆಗೆಯುವುದಿಲ್ಲ.

ಬೆಳಗಿನ ಐದೂವರೆಗೆ ಬರುವವರು

ತಾಲ್ಲೂಕು ಕೇಂದ್ರಗಳಲ್ಲಿ ಸಮುದಾಯ ಭವನ, ಶಾಲೆಯ ಹಾಲ್, ಕಲ್ಯಾಣ ಮಂಟಪದ ಊಟದ ಮನೆ, ಹೀಗೆ ಜಾಗ ಸಿಕ್ಕಲ್ಲಿ ಬೆಳಿಗ್ಗೆ ಐದೂವರೆಗೆ ತರಗತಿ ಶುರುವಾಗುತ್ತದೆ. ಬಹಳ ಕಡೆ ಫೀಸಿಲ್ಲ. ನಾನು ಹೋಗಿ ಕೂತ ಕಡೆಯೆಲ್ಲ ಮುಖಗಳು ಹೆಚ್ಚುಕಮ್ಮಿ ಒಂದೇ ಬಗೆ: ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು, ಕಿರಾಣಿ ಮತ್ತು ಬಟ್ಟೆ ಅಂಗಡಿಯವರು, ತೋಟವನ್ನು ಖೇಣಿಗೆ ಕೊಟ್ಟ ಅಡಿಕೆ ಬೆಳೆಗಾರರು, ಹೈಸ್ಕೂಲು ಟೀಚರುಗಳು, ಐವತ್ತರ ಆಸುಪಾಸಿನ ಗೃಹಿಣಿಯರು. ಚನ್ನಗಿರಿಯಲ್ಲಿ ಅಡಿಕೆಗೆ ರೇಟು ಬಂದ ಮೇಲೆ ಮೈಗೆಲಸ ಕಡಿಮೆಯಾದ ಮನೆಗಳಿವೆ. ತೋಟಕ್ಕೆ ನಡೆದು ಹೋಗುತ್ತಿದ್ದವರು ಬೈಕಿನಲ್ಲಿ ಹೋಗುತ್ತಾರೆ, ಡ್ರಿಪ್ಪಿನ ಗುಂಡಿ ಒತ್ತುತ್ತಾರೆ. ಕಳೆದುಕೊಂಡ ದುಡಿಮೆಯನ್ನು ಮುಂಜಾನೆ ಒಂದು ಗಂಟೆಯಲ್ಲಿ ಮೈಗೆ ವಾಪಸ್ ಕೊಡುವ ಪ್ರಯತ್ನ ಇದು.

ಯಾಕೆ ಬರುತ್ತೀರಿ ಎಂದರೆ ಮೋಕ್ಷದ ಮಾತು ಯಾರೂ ಆಡುವುದಿಲ್ಲ. “ಡಾಕ್ಟ್ರು ಹೇಳಿದ್ರು” ಎಂಬುದೇ ಮೊದಲ ಉತ್ತರ. ಶುಗರ್, ಬೀಪಿ, ಥೈರಾಯ್ಡ್, ಮಂಡಿ ನೋವು, ಗ್ಯಾಸ್ಟ್ರಿಕ್, ನಿದ್ದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ ಸಕ್ಕರೆ ಕಾಯಿಲೆ, ಶೇ. 35.5 ಮಂದಿಗೆ ರಕ್ತದೊತ್ತಡ ಇದೆ. ನಮ್ಮ ಯೋಗ ತರಗತಿಗಳು ಈ ಅಂಕಿಗಳ ನೆರಳಲ್ಲೇ ಬೆಳೆದಿವೆ. ಗರಡಿಗೆ ಬಲಕ್ಕಾಗಿ ಹೋಗುತ್ತಿದ್ದರು. ಇಲ್ಲಿಗೆ ಭಯಕ್ಕಾಗಿ ಬರುತ್ತಾರೆ. ಇದನ್ನು ನಾನು ಕೊಂಕಿನಿಂದ ಹೇಳುತ್ತಿಲ್ಲ. ಮಲ್ಲಾಡಿಹಳ್ಳಿಗೆ ಹೋಗುತ್ತಿದ್ದವರಲ್ಲೂ ಹೆಚ್ಚಿನವರನ್ನು ಕರೆದೊಯ್ದದ್ದು ಕಾಯಿಲೆಯೇ.

ಎರಡನೆಯ ಕಾರಣವನ್ನು ಯಾರೂ ನೇರವಾಗಿ ಹೇಳುವುದಿಲ್ಲ, ನಾಲ್ಕು ದಿನ ಕೂತರೆ ಗೊತ್ತಾಗುತ್ತದೆ. ಆಸನ ಮುಗಿದ ಮೇಲೆ ಚಾಪೆ ಸುತ್ತುವ ಹೊತ್ತಿನಲ್ಲಿ ನಡೆಯುವ ಮಾತುಕತೆ ಅದು. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಮನೆಯಲ್ಲಿ ಇಬ್ಬರೇ, ಒಬ್ಬರು ಹೋದ ಮೇಲೆ ಒಬ್ಬರೇ. ಊರ ಅರಳಿಕಟ್ಟೆ, ಮನೆ ಮುಂದಿನ ಜಗಲಿ ಹೋದ ಮೇಲೆ ದೊಡ್ಡವರು ಕೂಡುವ ಜಾಗ ಇದಾಗಿದೆ. ಹೊನ್ನಾಳಿಯ ಒಂದು ತರಗತಿಯಲ್ಲಿ ಒಬ್ಬ ಮೇಡಂ, “ನಾನು ಇಲ್ಲಿಗೆ ಬರದು ಅರ್ಧ ಸೊಂಟಕ್ಕೆ, ಅರ್ಧ ನಗಾಕೆ” ಅಂದರು. ಹೆಂಗಸರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ‘ಸಿನಿಮಾಕ್ಕೆ ಹೋಗ್ತೀನಿ’, ‘ಗೆಳತಿ ಮನೆಗೆ ಹೋಗ್ತೀನಿ’ ಎಂದರೆ ಮನೆಯಲ್ಲಿ ನೂರು ಪ್ರಶ್ನೆ. ‘ಯೋಗಕ್ಕೆ ಹೋಗ್ತೀನಿ’ ಎಂಬ ಮಾತಿಗೆ ಅತ್ತೆಯರೂ ಎದುರಾಡುವುದಿಲ್ಲ. ಅದರಲ್ಲಿ ಡಾಕ್ಟರೂ ಇದ್ದಾನೆ, ದೇವರೂ ಇದ್ದಾನೆ. ಗರಡಿಯ ಹೊಸ್ತಿಲು ದಾಟದ ಹೆಂಗಸರು ಹೀಗೆ ಬೆಳಗಿನ ಒಂದು ಗಂಟೆಯನ್ನು ತಮ್ಮದು ಮಾಡಿಕೊಂಡಿದ್ದಾರೆ. ನನ್ನ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ.

ಬಾರದವರು

ಅದೇ ಐದೂವರೆಗೆ ರಸ್ತೆಯ ಮೇಲೆ ಇನ್ನೊಂದು ಗುಂಪು ಇರುತ್ತದೆ. ಊಟದ ಡಬ್ಬಿ ಹಿಡಿದು ಟಾಟಾ ಏಸ್‌ಗೋ ಆಟೋಗೋ ಕಾಯುವ ಹೆಂಗಸರು. ಹೊನ್ನಾಳಿಯ ಗದ್ದೆಗೆ ನಾಟಿಗೆ, ಚನ್ನಗಿರಿಯ ಮನೆಗಳಿಗೆ ಅಡಿಕೆ ಸುಲಿಯಲಿಕ್ಕೆ, ಜಗಳೂರಿನ ಹೊಲಗಳಿಗೆ ಈರುಳ್ಳಿ ಕೊಯ್ಯಲಿಕ್ಕೆ. ತಾಂಡಾಗಳಲ್ಲಿ ಸುಗ್ಗಿಯಾದ ಮೇಲೆ ಗುಳೆ ಹೋದವರ ಮನೆಗೆ ಬೀಗ. ಇವರಿಗೆ ಯೋಗದ ಮಾತೆತ್ತಿದರೆ ನಗು ಬರುತ್ತದೆ. ನಾಟಿ ಹಾಕುವಾಕೆ ದಿನವಿಡೀ ಸೊಂಟ ಬಗ್ಗಿಸಿರುತ್ತಾಳೆ. ಪುಸ್ತಕದಲ್ಲಿ ಅದಕ್ಕೆ ಹತ್ತಿರದ ಭಂಗಿಗೆ ಸಂಸ್ಕೃತದ ಹೆಸರಿದೆ, ಎಷ್ಟು ಉಸಿರು ನಿಲ್ಲಬೇಕೆಂಬ ಲೆಕ್ಕವಿದೆ, ಆಮೇಲೆ ಹಿಂದಕ್ಕೆ ಬಾಗುವ ಪ್ರತ್ಯಾಸನವಿದೆ. ಗದ್ದೆಯಲ್ಲಿ ಪ್ರತ್ಯಾಸನ ಇಲ್ಲ.

“ನಾವು ದುಡಿಯೋರು, ನಮ್ಗೆ ಯೋಗ ಬ್ಯಾಡ” ಎಂಬ ಮಾತನ್ನು ನಾನು ಬಹಳ ಕಡೆ ಕೇಳಿದ್ದೇನೆ. ಕೇಳುವವರಿಗೆ ಹಿತವಾದ ಮಾತು ಅದು: ಬಡವರು ದುಡಿಯುತ್ತಾರೆ, ಆದ್ದರಿಂದ ಗಟ್ಟಿಯಾಗಿರುತ್ತಾರೆ. ಆದರೆ ಅದೇ ಹೆಂಗಸರನ್ನು ಸಂಜೆ ಮಾತಾಡಿಸಿ ನೋಡಿ. ಸೊಂಟ, ಮಂಡಿ, ಕತ್ತು ಹಿಡಿದುಕೊಂಡಿರುತ್ತದೆ. ಮೆಡಿಕಲ್ ಶಾಪಿನಲ್ಲಿ ಬಿಡಿಯಾಗಿ ಕೊಂಡ ನೋವಿನ ಮಾತ್ರೆ ಸೆರಗಿನ ಗಂಟಿನಲ್ಲಿರುತ್ತದೆ. ನನ್ನ ಅವ್ವ ನ್ಯಾಮತಿ ತಾಲ್ಲೂಕಿನ ಹಳ್ಳಿಯಲ್ಲಿ ಮೂವತ್ತು ವರ್ಷ ಮೆಕ್ಕೆಜೋಳದ ಹೊಲ, ಎಮ್ಮೆ, ಒಲೆ ಇವುಗಳ ನಡುವೆ ಮೈ ಸವೆಸಿದವಳು. ಆಕೆಗೂ ಡಾಕ್ಟರು ಯೋಗ ಬರೆದುಕೊಟ್ಟರು. “ಐದೂವರೆಗೆ ಅಂತೆ. ಆಗ ಹಾಲು ಕರೆಯೋರ್ಯಾರು?” ಅಂದಳು. ಆಕೆಯ ಪ್ರಶ್ನೆಗೆ ದೇಶದ ಮಟ್ಟದ ಉತ್ತರವೂ ಇದೆ. 2019ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯಂತೆ ಮನೆಯ ಸಂಬಳವಿಲ್ಲದ ಕೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ. ಗಂಡಸರು 97 ನಿಮಿಷ. ಸರ್ಕಾರವೇ ರೂಪಿಸಿದ ಸಾಮಾನ್ಯ ಯೋಗ ಶಿಷ್ಟಾಚಾರಕ್ಕೆ ಬೇಕಾದದ್ದು 45 ನಿಮಿಷ. ಲೆಕ್ಕ ತುಂಬ ಸರಳ. ಆ 45 ನಿಮಿಷ ಯಾರ ಪಾಲಿನಿಂದ ಬರಬೇಕು ಎಂಬುದಷ್ಟೇ ಕಷ್ಟ.

ಜಗಳೂರಿನಲ್ಲಿ ಮಾತು ಇನ್ನೂ ಗಂಭೀರ. ಅಲ್ಲಿನ ಬಹಳಷ್ಟು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ಮಿತಿ. ಅದಕ್ಕೂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು ಕಂದುತ್ತದೆ, ಆಮೇಲೆ ಕೀಲು ಬಿಗಿಯುತ್ತದೆ, ಬೆನ್ನುಮೂಳೆ ಸೆಟೆಯುತ್ತದೆ. ಕತ್ತು ತಿರುಗಿಸಲಾಗದೆ ಇಡೀ ಮೈಯನ್ನೇ ತಿರುಗಿಸಿ ನನ್ನ ಕಡೆ ನೋಡಿದ ಒಬ್ಬ ಅಜ್ಜನಿಗೆ ಭುಜಂಗಾಸನದ ಮಾತು ಹೇಳುವುದು ಹೇಗೆ? ಆ ಬೆನ್ನಿಗೆ ಬೇಕಾಗಿದ್ದದ್ದು ಒಳ್ಳೆಯ ನೀರು, ಅದೂ ನಲವತ್ತು ವರ್ಷ ಮುಂಚೆ. ತುಂಗಭದ್ರೆಯ ನೀರಿನಿಂದ ಜಗಳೂರಿನ 57 ಕೆರೆ ತುಂಬಿಸುವ ಯೋಜನೆಗೆ ಆ ಜನ ಅಷ್ಟೊಂದು ಕಾದದ್ದು ಬರೀ ಬೆಳೆಗಾಗಿ ಅಲ್ಲ.

ಇನ್ನೊಂದು ಗೈರುಹಾಜರಿಯೂ ಇದೆ. ಗರಡಿಯಲ್ಲಿ ಉಸ್ತಾದರಾಗಿದ್ದ ಮುಸ್ಲಿಮರ ಮೊಮ್ಮಕ್ಕಳು ಈ ತರಗತಿಗಳಲ್ಲಿ ಬೆರಳೆಣಿಕೆ. 2015ರಲ್ಲಿ ಸೂರ್ಯನಮಸ್ಕಾರ, ಓಂಕಾರಗಳ ಬಗ್ಗೆ ದೇಶದಲ್ಲಿ ಚರ್ಚೆ ಎದ್ದಾಗ ಸರ್ಕಾರ ಸೂರ್ಯನಮಸ್ಕಾರವನ್ನು ಯೋಗ ದಿನದ ಕಾರ್ಯಕ್ರಮದಲ್ಲಿ ಸೇರಿಸಲಿಲ್ಲ, ಓಂಕಾರ ಕಡ್ಡಾಯವಲ್ಲ ಎಂದಿತು. ಕಾಗದದ ಮೇಲೆ ತಕರಾರು ಬಗೆಹರಿಯಿತು. ಆದರೆ ಹಾಲ್‌ನಲ್ಲಿ ಕೂತವರು ಯಾರನ್ನು ಕಾಯುತ್ತಾರೆ, ಯಾರು ಬಂದರೆ ಜಾಗ ಮಾಡಿಕೊಡುತ್ತಾರೆ ಎಂಬುದನ್ನು ಸುತ್ತೋಲೆ ತೀರ್ಮಾನಿಸುವುದಿಲ್ಲ. ಹನುಮನ ಪಟದ ಕೆಳಗೇ ಮುಸ್ಲಿಂ ಉಸ್ತಾದನ ಕಾಲು ಮುಟ್ಟಿ ಮಣ್ಣಿಗೆ ಇಳಿಯುತ್ತಿದ್ದ ಗರಡಿ ಇದನ್ನು ನಮಗಿಂತ ಚೆನ್ನಾಗಿ ನಿಭಾಯಿಸಿತ್ತು.

ಈಚಿನ ವರ್ಷಗಳಲ್ಲಿ ಯೋಗ ದಿನದಂದು ನರೇಗಾ ಕಾಮಗಾರಿ ಜಾಗಗಳಲ್ಲೂ, ಅಮೃತ ಸರೋವರ ಕೆರೆಗಳ ದಡದಲ್ಲೂ ಕೂಲಿಕಾರರು ಸಾಲಾಗಿ ನಿಂತು ಕೈ ಎತ್ತಿದ ಫೋಟೋಗಳು ಪತ್ರಿಕೆಗಳಲ್ಲಿ ಬರುತ್ತಿವೆ. ಪಕ್ಕದಲ್ಲಿ ಗುದ್ದಲಿ, ಪುಟ್ಟಿ. ಈ ಫೋಟೋ ನೋಡಿ ನಗುವವರಿದ್ದಾರೆ. ನನಗೆ ಅದರಲ್ಲಿ ಒಂದು ಸಾಧ್ಯತೆಯೂ ಕಾಣುತ್ತದೆ. ದುಡಿಯುವ ಜಾಗಕ್ಕೆ ಯೋಗವೇ ಬಂದದ್ದು ನಮ್ಮ ಸೀಮೆಯಲ್ಲಿ ಇದು ಮೊದಲಲ್ಲ, ತಿರುಕರ ಶಿಬಿರಗಳೂ ಹಾಗೇ ಬಂದಿದ್ದವು. ಆದರೆ ಅವು ಬೆಳಗಿನ ಒಂದು ಫೋಟೋಕ್ಕೆ ಬರಲಿಲ್ಲ. ದಿನಗಟ್ಟಲೆ ನಿಂತವು, ನಾಡಿ ನೋಡಿದವು, ಔಷಧಿ ಕೊಟ್ಟವು. ನಾಟಿಯ ಗದ್ದೆಯ ಬದುವಿನಲ್ಲಿ, ಕೂಲಿಯ ಹೊತ್ತಿನೊಳಗೇ, ಬಗ್ಗಿದ ಬೆನ್ನನ್ನು ಹಿಂದಕ್ಕೆ ಬಾಗಿಸಲು ದಿನಕ್ಕೆ ಎರಡು ಸಲ ಹತ್ತು ಹತ್ತು ನಿಮಿಷ ಬಿಟ್ಟರೆ ಅದೇ ದೊಡ್ಡ ಯೋಗ ದಿನ. ಆ ಇಪ್ಪತ್ತು ನಿಮಿಷಕ್ಕೂ ಕೂಲಿ ಸೇರಬೇಕು, ಅಷ್ಟೆ.

ಯೋಗವನ್ನು ಯಾರು ಮಾಡುತ್ತಾರೆ, ಯಾಕೆ ಮಾಡುತ್ತಾರೆ ಎಂಬ ಪ್ರಶ್ನೆಗೆ ಈ ನಾಲ್ಕು ತಾಲ್ಲೂಕುಗಳು ಕೊಟ್ಟ ಉತ್ತರ ಇಷ್ಟು: ಮೈಗೆಲಸದಿಂದ ಬಿಡುಗಡೆಯಾದವರು ಮಾಡುತ್ತಾರೆ, ಆ ಬಿಡುಗಡೆ ತಂದ ಕಾಯಿಲೆಗಾಗಿ ಮಾಡುತ್ತಾರೆ, ಒಂಟಿತನಕ್ಕಾಗಿ ಮಾಡುತ್ತಾರೆ. ಮೈಗೆಲಸದಲ್ಲೇ ಇರುವವರಿಗೆ ಅದರ ಅಗತ್ಯ ಕಡಿಮೆಯೇನಲ್ಲ, ಹೊತ್ತು ಕಡಿಮೆ. ಅರಮನೆ ತನ್ನ ಹುಡುಗರಿಗೆ ಹೊತ್ತು ಕೊಟ್ಟಿತ್ತು. ಜೋಳಿಗೆ ಹೊತ್ತವರು ತಮ್ಮ ಹೊತ್ತನ್ನೇ ಊರಿಗೆ ತಂದು ಸುರಿದರು. ಕೂಲಿಯ ಹೆಂಗಸಿಗೆ ಹೊತ್ತು ಕೊಡುವ ಮೂರನೆಯ ದಾರಿಯನ್ನು ಈ ಸೀಮೆ ಇನ್ನೂ ಹಾಕಿಲ್ಲ.